ಮಾತನಾಡುವಾಗ, ಕೇಳುವಾಗ ಸಿಲಬಲ್‌ಗೆ ನಿಜವಾಗಿ ಏನು ಕೆಲಸ?

ಸಿಲಬಲ್ ಅಂದರೆ ಉಚ್ಚಾರಾಂಶ, ಒಂದು ಸ್ವರದ ಸುತ್ತ ಕೂಡಿಕೊಂಡ ದನಿಗಳ ಗುಂಪು. ಇದು ಸುಮ್ನೆ ವ್ಯಾಕರಣದ ಲೆಕ್ಕ ಅಲ್ಲ, ಬಾಯಿಯೇ ಇದನ್ನು ಪಾಲಿಸುತ್ತದೆ.

ಈಗಲೇ 'ಸೀ' ಅನ್ನಿ, ಆಮೇಲೆ 'ಸೂ' ಅನ್ನಿ. ಎರಡನೆಯದರಲ್ಲಿ 'ಸ್' ಶುರುವಾಗುವಾಗಲೇ ತುಟಿ ದುಂಡಗಾಗಿರುತ್ತದೆ, ಅಲ್ವಾ? ಅಂದರೆ ನಾವು ದನಿಗಳನ್ನು ಮಣಿಗಳ ಹಾಗೆ ಒಂದೊಂದಾಗಿ ಪೋಣಿಸುವುದಿಲ್ಲ, ವ್ಯಂಜನ ಹೊರಡುವ ಹೊತ್ತಿಗೇ ಮುಂದಿನ ಸ್ವರದ ಸಿದ್ಧತೆಯೂ ನಡೆದಿರುತ್ತದೆ. ನಾಲಿಗೆ ತಡವರಿಸಿದಾಗಲೂ ಇದೇ ಕಾಣುತ್ತದೆ: 'ದೊಡ್ಡ ಮನೆ' ಹೋಗಿ 'ಮೊಡ್ಡ ದನೆ' ಆಗಬಹುದು, ಆದರೆ ಒಂದು ಸಿಲಬಲ್‌ನ ಮೊದಲ ವ್ಯಂಜನ ಅದಲುಬದಲಾಗುವುದು ಹೆಚ್ಚಾಗಿ ಇನ್ನೊಂದು ಸಿಲಬಲ್‌ನ ಮೊದಲ ವ್ಯಂಜನದ ಜೊತೆಗೇ.

ಒಂದು ಮಾತು, ಬರೆಯುವ ಅಕ್ಷರವೇ ಸಿಲಬಲ್ ಅಂದುಕೊಳ್ಳಬೇಡಿ. 'ಕಲ್ಲು' ಅಂತ ಬರೆಯುವಾಗ ಕ, ಲ್ಲು. ನಿಧಾನವಾಗಿ ಹೇಳಿದರೆ ಕಲ್, ಲು.

ಕೇಳುವ ಕಡೆ ವಿಷಯ ಸ್ವಲ್ಪ ಜಟಿಲ, ನನಗೆ ಇದೇ ಜಾಸ್ತಿ ಇಷ್ಟ. ಮಾತಿನ ದನಿಯ ಜೋರು ಸೆಕೆಂಡಿಗೆ ಸುಮಾರು 4-5 ಸಲ ಏರಿ ಇಳಿಯುತ್ತದೆ, ಹೆಚ್ಚುಕಡಿಮೆ ಸಿಲಬಲ್‌ಗಳ ವೇಗದಲ್ಲೇ, ಮತ್ತು ಮೆದುಳಿನ ಅಲೆಗಳೂ ಆ ಏರಿಳಿತದ ಜೊತೆ ಹೆಜ್ಜೆ ಹಾಕುತ್ತವೆ. 1981ರಲ್ಲಿ ಮನೋವಿಜ್ಞಾನಿ ಜಾಕ್ ಮೆಲೇರ್ ಮತ್ತು ಸಂಗಡಿಗರು ಫ್ರೆಂಚ್ ಮಾತನಾಡುವವರ ಮೇಲೆ ಪ್ರಯೋಗ ಮಾಡಿದರು. ಕೇಳಿಸಿದ ಪದದಲ್ಲಿ ಹುಡುಕಲು ಕೊಟ್ಟ ತುಣುಕು ಆ ಪದದ ಮೊದಲ ಸಿಲಬಲ್‌ಗೆ ಸರಿಯಾಗಿ ಹೊಂದಿದಾಗ ಅವರು ಬೇಗ ಗುರುತಿಸಿದರು. ಇಂಗ್ಲಿಷ್‌ನವರಲ್ಲಿ ಹಾಗೆ ಕಾಣಲಿಲ್ಲ, ಅವರು ಒತ್ತಿ ಹೇಳುವ ಸಿಲಬಲ್‌ಗಳ ಮೇಲೆ ಹೆಚ್ಚು ಅವಲಂಬಿಸುತ್ತಾರೆ. ಜಪಾನೀಯರಿಗೆ ಸಿಲಬಲ್‌ಗಿಂತ ಚಿಕ್ಕದಾದ ಮೋರಾ, ಅಂದರೆ ನಮ್ಮ ಛಂದಸ್ಸಿನ ಮಾತ್ರೆಯಂಥದ್ದು, ಮುಖ್ಯ.