ಓದುಗರ ಪ್ರಶ್ನೆ: ಒಂದು ಎಂಜಿನ್‌ನ ಡಿಕೋಡರ್ ಇನ್ನೊಂದಕ್ಕೆ ಹಾಕಬಹುದೇ?

ಪ್ರಶ್ನೆ: ಎಚ್‌ಒ (1:87 ಅಳತೆಯ) ಮಾದರಿಯ ರೈಲು ಎಂಜಿನ್ ಒಂದರ ಗೇರ್ ಸವೆದಿದೆ, ಡಿಸಿಸಿ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರ್, ದೀಪ ನಡೆಸುವ ಪುಟ್ಟ ಸರ್ಕ್ಯೂಟ್) ಚೆನ್ನಾಗಿದೆ. ಅದನ್ನು ಡಿಕೋಡರ್ ಸಾಕೆಟ್ ಇಲ್ಲದ ಹಳೆಯ ಡಿಸಿ ಎಂಜಿನ್‌ಗೆ (ಹಳಿಯ ನೇರ ವಿದ್ಯುತ್ತಿನಿಂದಲೇ ಓಡುವಂಥದ್ದು) ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಬೆಸುಗೆಗೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಹಳೆಯ ಡಿಸಿ ಎಂಜಿನ್‌ಗಳಲ್ಲಿ ಎಷ್ಟೋ ಕಡೆ ಮೋಟಾರಿನ ಒಂದು ಬ್ರಷ್ (ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸುವ ತುಂಡು) ಲೋಹದ ಚಾಸಿಗೇ ತಾಗಿರುತ್ತದೆ, ಚಾಸಿ ಒಂದು ಕಡೆಯ ಚಕ್ರಗಳಿಗೆ. ಡಿಸಿಯಲ್ಲಿ ಅದು ಸರಿ. ಡಿಕೋಡರ್ ಕೂತ ಮೇಲೆ ಹಳಿಯ ವಿದ್ಯುತ್ ಅದರ ಮೋಟಾರ್ ತುದಿಗೆ ನೇರ ನುಗ್ಗಿ ಕ್ಷಣದಲ್ಲಿ ಸುಟ್ಟುಹಾಕುತ್ತದೆ. ಬೇರೆಡೆಗೆ ಬದಲಿಸಿದ ಡಿಕೋಡರ್‌ಗಳು ಸಾಯುವುದು ಹೆಚ್ಚಾಗಿ ಹೀಗೇ.

ಬ್ರಷ್‌ಗಳ ಹಳೆಯ ತಂತಿ ಬಿಚ್ಚಿ, ಮೀಟರ್ ಅನ್ನು ಓಮ್‌ಗೆ ಇಟ್ಟು, ಪ್ರತಿ ಬ್ರಷ್‌ನಿಂದ ಎಡ ಚಕ್ರ, ಬಲ ಚಕ್ರ, ಚಾಸಿಗೆ ಅಳೆಯಿರಿ. ಎಲ್ಲಿಯೂ ಸಂಪರ್ಕ ಕಾಣಬಾರದು. ಕಂಡರೆ ಬ್ರಷ್‌ನ ಕೆಳಗೆ ಪಾಲಿಇಮೈಡ್ ಟೇಪ್ (ಶಾಖ ತಾಳುವ, ವಿದ್ಯುತ್ ಹರಿಯಗೊಡದ ಟೇಪ್) ಹಾಕಿ, ಮೋಟಾರ್ ಹಿಡಿದ ಲೋಹದ ಸ್ಕ್ರೂ ಬದಲು ನೈಲಾನ್ ಸ್ಕ್ರೂ ಹಾಕಿ, ಮತ್ತೆ ಅಳೆಯಿರಿ.

ಆಮೇಲೆ ಮೋಟಾರಿನ ಹಸಿವು ನೋಡಬೇಕು. ಬ್ರಷ್‌ಗಳಿಗೆ 12 ವೋಲ್ಟ್ ಡಿಸಿ ಕೊಟ್ಟು, ಸರಣಿಯಲ್ಲಿ ಆಂಪಿಯರ್ ಮೀಟರ್ ಇಟ್ಟು, ಫ್ಲೈವೀಲನ್ನು (ಮೋಟಾರ್ ದಂಡದ ಮೇಲಿನ ಭಾರದ ಚಕ್ರ) ಒಂದು ಕ್ಷಣ ಬಿಗಿಯಾಗಿ ತಡೆದು ಓದಿ. ಹೆಚ್ಚು ಹೊತ್ತು ತಡೆದರೆ ಸುರುಳಿ ಸುಡುತ್ತದೆ. ಬಂದ ಅಂಕಿ ಡಿಕೋಡರಿನ ಮಿತಿಗಿಂತ ಕಡಿಮೆ ಇರಬೇಕು. ಎಚ್‌ಒ ಡಿಕೋಡರ್‌ಗಳು ಸಾಮಾನ್ಯವಾಗಿ 1 ಆಂಪಿಯರ್ ಆಸುಪಾಸಿನವು. ಹಳೆಯ ತೆರೆದ ಚೌಕಟ್ಟಿನ ಮೋಟಾರ್‌ಗಳು ಅದನ್ನು ಸುಲಭವಾಗಿ ಮೀರುತ್ತವೆ. ಮೀರಿದರೆ ಮೋಟಾರ್ ಬದಲಿಸಿ, ಡಿಕೋಡರ್ ಅನ್ನು ಬಲಿಕೊಡಬೇಡಿ.

ತಂತಿ ಜೋಡಣೆ: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯ ಧನ ತುದಿ. ಎಲ್‌ಇಡಿಗೆ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿ. ಹಳೆಯ ಎಂಜಿನ್‌ನ 1.5 ವೋಲ್ಟ್ ಬಲ್ಬ್‌ಗೆ ನೇರ ಕೊಟ್ಟರೆ ಉರಿದುಹೋಗುತ್ತದೆ. ಡಿಕೋಡರ್ ಅನ್ನು ಟೇಪ್‌ನಲ್ಲಿ ಪೂರ್ತಿ ಸುತ್ತಬೇಡಿ, ಶಾಖ ಹೊರಬೀಳಬೇಕು.

ಮೊದಲ ವಿದ್ಯುತ್ ಪ್ರೋಗ್ರಾಮಿಂಗ್ ಹಳಿಯಲ್ಲಿಯೇ (ಡಿಕೋಡರ್ ಸೆಟ್ಟಿಂಗ್ ಓದಲು, ಬದಲಿಸಲು ಇರುವ ಪ್ರತ್ಯೇಕ ಹಳಿ) ಕೊಡಿ. ಅಲ್ಲಿ ಕರೆಂಟ್ ಮಿತವಾಗಿರುವುದರಿಂದ ತಪ್ಪಾದರೂ ಹಾನಿಯ ಅಪಾಯ ಕಡಿಮೆ. ಸಿವಿ 8 (ಸಿವಿ ಎಂದರೆ ಡಿಕೋಡರಿನ ಸಂಖ್ಯೆಯಿರುವ ಸೆಟ್ಟಿಂಗ್; 8ರಲ್ಲಿ ತಯಾರಕರ ಗುರುತು ಇರುತ್ತದೆ) ಓದಿ ನೋಡಿ. ಡಿಕೋಡರ್ ಉತ್ತರಿಸುವುದು ಮೋಟಾರಿಗೆ ಸಣ್ಣ ಪಲ್ಸ್ ಕೊಟ್ಟು, ಹಾಗಾಗಿ ಉತ್ತರ ಬರದಿದ್ದರೆ ಮೋಟಾರ್ ತಂತಿ ಮೊದಲು ಪರೀಕ್ಷಿಸಿ. ಹಳೆಯ ವಿಳಾಸ, ವೇಗದ ಸಿವಿಗಳು ಡಿಕೋಡರ್‌ನಲ್ಲೇ ಉಳಿದಿರುತ್ತವೆ; ಬೇಕಾದವನ್ನು ಬರೆದಿಟ್ಟು ಉಳಿದದ್ದು ಬದಲಿಸಿ.

ಪ್ರಶ್ನೆ: ಡಿಕೋಡರಿನ ಎಂಟು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿಬಿಟ್ಟೆ. ಎಂಜಿನ್ ಹಿಂದಕ್ಕೆ ಓಡುತ್ತಿದೆ, ದೀಪವಿಲ್ಲ. ಸುಟ್ಟಿತೇ?

ಉತ್ತರ: ಇಲ್ಲ. ಈ ತಪ್ಪಾಗುತ್ತದೆಂದೇ ಪಿನ್‌ಗಳನ್ನು ಜಾಣತನದಿಂದ ಜೋಡಿಸಿದ್ದಾರೆ: ತಿರುಗಿದಾಗ ಕೆಂಪು ಕಪ್ಪಿನ ಜಾಗಕ್ಕೆ, ಕಿತ್ತಳೆ ಬೂದಿನ ಜಾಗಕ್ಕೆ ಬರುತ್ತದೆ. ನೀಲಿ ಹಸಿರಿನ (ಹೆಚ್ಚುವರಿ ಕಾರ್ಯದ ತಂತಿ) ಜಾಗಕ್ಕೆ ಹೋಗುವುದರಿಂದ ದೀಪ ಹತ್ತುವುದಿಲ್ಲ. ವಿದ್ಯುತ್ ಆರಿಸಿ, ಎರಡೂ ತುದಿ ಸಮವಾಗಿ ಎತ್ತಿ, ಕಿತ್ತಳೆ ತಂತಿ 1ನೇ ಗುರುತಿನತ್ತ ಬರುವಂತೆ ಕೂರಿಸಿ.

ಪ್ರಶ್ನೆ: ಸೌಂಡ್ ಡಿಕೋಡರ್ ಜೊತೆ ಯಾವ ಸ್ಪೀಕರ್ ಬೇಕಾದರೂ ನಡೆಯುವುದೇ?

ಉತ್ತರ: ಇಲ್ಲ. 8 ಓಮ್ ಎಂದಿರುವಲ್ಲಿ 4 ಓಮ್ ಹಾಕಿದರೆ ಆಂಪ್ಲಿಫೈಯರ್ ಹಾಳಾಗಬಹುದು. ಕೀಪ್ ಅಲೈವ್ ಕೆಪಾಸಿಟರ್ (ಹಳಿಯ ಸಂಪರ್ಕ ಕ್ಷಣ ತಪ್ಪಿದಾಗ ವಿದ್ಯುತ್ ಕೊಡುವುದು) ಇದ್ದರೆ ಹಳಿಯಿಂದ ಎತ್ತಿದ ಕೂಡಲೇ ತಂತಿ ಮುಟ್ಟಬೇಡಿ, ಅದರ ವೋಲ್ಟೇಜ್ ಸೊನ್ನೆಗೆ ಇಳಿದಿದೆಯೇ ಎಂದು ಮೀಟರ್‌ನಲ್ಲಿ ನೋಡಿಕೊಳ್ಳಿ.