ಹೊಸ ಬಿದಿರಿನ ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎರಡು ತಿಂಗಳ ಹಿಂದೆ ಹೊಲದ ಬದುವಿಗೆ ಬಿದಿರು ಸಸಿ ಹಾಕಿದೆ. ಎರೆ ಭೂಮಿ. ದಿನಾ ಬೋರ್‌ವೆಲ್ ನೀರು ಬಿಡುತ್ತೇನೆ. ಆದರೂ ಎಲೆ ಹಳದಿಯಾಗುತ್ತಿದೆ. ಯೂರಿಯಾ ಹಾಕಲೇ?
– ಓದುಗರು, ಹಿರಿಯೂರು

ಉತ್ತರ: ಯೂರಿಯಾ ಸದ್ಯಕ್ಕೆ ಬೇಡವೇ ಬೇಡ. ಬೇರು ಇನ್ನೂ ಹಿಡಿದಿಲ್ಲ, ಸುಡುತ್ತದೆ. ದಿನಾ ನೀರು ಅಂದ್ರಲ್ಲ, ನನಗೆ ಮೊದಲ ಅನುಮಾನ ಅದರ ಮೇಲೇ. ಎರೆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡೇ ಇರುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಬುಡದ ಪಕ್ಕ ಒಂದು ಗೇಣು ಅಗೆದು ಮಣ್ಣು ಹಿಂಡಿ ನೋಡಿ. ಕೈಗೆ ಅಂಟಿದರೆ ನೀರು ನಿಲ್ಲಿಸಿ, ಗುಂಡಿಯಲ್ಲಿ ನಿಂತದ್ದು ಹರಿದು ಹೋಗಲು ಕಾಲುವೆ ತೆಗೆಯಿರಿ. ನೀರು ಸಾಲದಿದ್ದರೆ ಬಿದಿರಿನ ಎಲೆ ಮೊದಲು ಸುರುಳಿ ಸುತ್ತಿಕೊಳ್ಳುತ್ತದೆ, ಅದು ಬೇರೆ ಲಕ್ಷಣ.

ಕೆಳಗಿನ ಹಳೇ ಎಲೆ ಮಾತ್ರ ನಾಲ್ಕಾರು ಉದುರುತ್ತಿದ್ದರೆ ಹೆದರಬೇಡಿ, ಜಾಗ ಬದಲಾದ ಸಸಿ ಹಾಗೆ ಮಾಡುತ್ತದೆ. ಆದರೆ ತುದಿಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆಯಾ? ಹಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಲ್ಲಿ, ಗಡಸು ನೀರಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಬುಡಕ್ಕೆ ಕೊಳೆತ ಗೊಬ್ಬರ, ಮೇಲೆ ಒಣ ಎಲೆ ಮುಚ್ಚಿ. ಉದುರಿದ ಬಿದಿರೆಲೆಯನ್ನೂ ಗುಡಿಸಬೇಡಿ, ಅಲ್ಲೇ ಬಿಡಿ.