ಮರುಭೂಮಿಯ ಊರಿನಲ್ಲಿ ಬದುಕೋದು ಹೇಗಿರುತ್ತೆ? ಹಾಸನದಿಂದ ಜೋಧಪುರಕ್ಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹಾಸನದವರು, ರಾಜಸ್ಥಾನದ ಜೋಧಪುರದಲ್ಲಿ ಕೆಲಸ ಸಿಕ್ಕಿದೆ, ಜೊತೆಗೆ ಹೆಂಡತಿ, ನಾಲ್ಕು ವರ್ಷದ ಮಗ, ಮಂಡಿನೋವಿನ ಅಮ್ಮ. "ಆ ಬಿಸಿಲಲ್ಲಿ ಬದುಕೋಕೆ ಆಗುತ್ತಾ?" ಅಂತ ಕೇಳಿದ್ದೀರಿ. 2015ರಲ್ಲಿ ನಾನೂ ಇದನ್ನೇ ಕಂಡಕಂಡವರಿಗೆಲ್ಲ ಕೇಳಿದ್ದೆ. ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ನನ್ನದು ಬ್ಯಾಂಕ್ ಕೆಲಸ. ವರ್ಗಾವಣೆ ಅಂತ ಜೋಧಪುರಕ್ಕೆ ಹೋಗಿ, ಮೂರು ವರ್ಷ ಎಂಟು ತಿಂಗಳು ಅಲ್ಲಿದ್ದು ಬಂದೆವು. ನಾನು, ಯಜಮಾನರು, ಮಗಳು, ನಮ್ಮ ಅತ್ತೆ. ಈಗ ಚಿಕ್ಕಮಗಳೂರಿನಲ್ಲಿದ್ದೇವೆ.

ಬದುಕೋಕೆ ಆಗುತ್ತದೆ. ಬಿಸಿಲಿಗೆ ಒಂದು ವರ್ಷದಲ್ಲಿ ಒಗ್ಗಿಕೊಳ್ಳುತ್ತೀರಿ. ಜಾಸ್ತಿ ಕಾಡೋದು ನೀರು, ಮತ್ತೆ ತಪ್ಪಾಗಿ ಆರಿಸಿದ ಮನೆ.

ಮನೆ ವಿಷಯ ಮೊದಲು ಹೇಳುತ್ತೇನೆ, ಯಾಕಂದ್ರೆ ನಾವು ಮುಗ್ಗರಿಸಿದ್ದು ಅಲ್ಲೇ. ಗಾಳಿ ಬೆಳಕು ಚೆನ್ನಾಗಿದೆ, ಕಿಟಕಿಯಿಂದ ಮೆಹ್ರಾನ್‌ಗಢ ಕೋಟೆ ಕಾಣುತ್ತೆ ಅಂತ ಎರಡನೇ ಮಹಡಿಯ ಮನೆ ಹಿಡಿದೆವು. ಅದರ ಮೇಲೆ ಬರೀ ತಾರಸಿ. ಹೋಗಿದ್ದು ನವೆಂಬರಿನಲ್ಲಿ, ಸ್ವರ್ಗ ಅನ್ನಿಸಿತ್ತು. ಏಪ್ರಿಲ್ ದಾಟಿದ ಮೇಲೆ ಗೊತ್ತಾಯಿತು. ಅಲ್ಲಿ ಗೋಡೆಗೂ ಸೂರಿಗೂ ಮರಳುಗಲ್ಲು ಹಾಕುತ್ತಾರೆ. ಹಗಲೆಲ್ಲ ಕಾದ ಕಲ್ಲು ಮಧ್ಯರಾತ್ರಿವರೆಗೂ ಬಿಸಿ ಉಗುಳುತ್ತದೆ. ಗೋಡೆಗೆ ಒರಗಿದರೆ ರೊಟ್ಟಿ ಹೆಂಚಿಗೆ ಬೆನ್ನು ಕೊಟ್ಟ ಹಾಗೆ. 'ಮರುಭೂಮಿಯಲ್ಲಿ ರಾತ್ರಿ ತಂಪು' ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದು ಊರಾಚೆಯ ಮರಳಿಗೆ ಸರಿ, ಚಳಿಗಾಲಕ್ಕೂ ಸರಿ. ಮೇ ತಿಂಗಳಲ್ಲಿ ಊರೊಳಗಿನ ಮಹಡಿ ಮನೆಗೆ ಅದು ಅನ್ವಯಿಸಲ್ಲ.

ಟ್ಯಾಂಕಿನ ನೀರಿನ ಕಥೆ ಕೇಳಿ. ಗೀಸರ್ ಬಂದ್ ಮಾಡಿ ಎರಡು ತಿಂಗಳಾಗಿತ್ತು. ಸಂಜೆ ನಲ್ಲಿ ತಿರುಗಿಸಿದರೆ ಕೈ ಇಡೋಕಾಗದಷ್ಟು ಬಿಸಿನೀರು. ಮಗಳಿಗೆ ಸ್ನಾನ ಮಾಡಿಸೋಕೆ ಹಿಂದಿನ ರಾತ್ರಿಯೇ ಎರಡು ಬಕೆಟ್ ತುಂಬಿಸಿ ಆರಲು ಇಡುತ್ತಿದ್ದೆ. ನಮ್ಮ ಕಡೆ ಹಂಡೆ ಒಲೆಗೆ ಸೌದೆ ತುರುಕಿ ನೀರು ಕಾಯಿಸ್ತೀವಿ, ಅಲ್ಲಿ ಕಾದ ನೀರನ್ನು ಆರಿಸೋ ಕೆಲಸ!

ನಮ್ಮ ಮೊದಲ ಬೇಸಿಗೆಯೇ 2016ರದ್ದು. ಆ ವರ್ಷ ಮೇ 19ರಂದು ಅದೇ ಸೀಮೆಯ ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು, ದೇಶಕ್ಕೇ ದಾಖಲೆ. ಫಲೋದಿ ಜೋಧಪುರದಿಂದ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ ಇದೆ ನಿಜ. ಆದರೆ ಅಷ್ಟು ದೂರಕ್ಕೆಲ್ಲ ಬಿಸಿಲು ಮುಲಾಜು ನೋಡಲ್ಲ. ಜೂನ್‌ನಲ್ಲಿ ಕೋಟೆಗೆ ಕೈಮುಗಿದು, ಪಕ್ಕದ ಬೀದಿಯಲ್ಲಿ ಕೆಳಮನೆ ಹಿಡಿದೆವು. ಅರ್ಧ ಸಂಕಟ ಅಲ್ಲೇ ಕಳೆಯಿತು. ಹಾಗಾಗಿ ನೀವು ನೆಲಮಟ್ಟದ ಮನೆ ನೋಡಿ. ಮೇಲೆ ಇನ್ನೊಂದು ಸಂಸಾರ ಇರಲಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇಡ, ಸಂಪು ದೊಡ್ಡದಿರಲಿ.

ಮನೆ ಕೇಳೋಕೆ ಹೋದಾಗ ಅನೇಕ ಓಣಿಗಳಲ್ಲಿ ಮೊದಲ ಪ್ರಶ್ನೆ "ಮಾಂಸ ತಿಂತೀರಾ?" ಅಂತ. ನಮಗೆ ಒಂದು ಮನೆ ತಪ್ಪಿದ್ದೇ ಇದರಿಂದ. ಮುಂಚೆಯೇ ಹೇಳಿಬಿಡಿ, ಮುಂಗಡ ಕೊಟ್ಟ ಮೇಲೆ ರಗಳೆ ಬೇಡ.

ಕೂಲರ್ ಬಗ್ಗೆಯೂ ಕೇಳಿದ್ದೀರಿ, ಎಸಿನೇ ಬೇಕಾ ಅಂತ. ಬೇಕಿಲ್ಲ. ಒಣ ಗಾಳಿಗೆ ಕೂಲರಿನಂಥ ಯಂತ್ರ ಇನ್ನೊಂದಿಲ್ಲ. ನೆನೆದ ಹುಲ್ಲಿನ ಪ್ಯಾಡಿನಿಂದ ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗೋ ಲೆಕ್ಕವೇ ಇದು. ಜುಲೈ, ಆಗಸ್ಟ್‌ನಲ್ಲಿ ಗಾಳಿಯಲ್ಲೇ ತೇವ ಬಂದಾಗ ಮಾತ್ರ ಅದು ಸುಮ್ನೆ ಸದ್ದು ಮಾಡುತ್ತೆ, ತಂಪಾಗಲ್ಲ. ಆ ಎರಡು ತಿಂಗಳು ಮೈ ಅಂಟಂಟು.

ಇನ್ನು ನೀರು. ಜೋಧಪುರ ಕುಡಿಯೋದು ಪಂಜಾಬಿನಿಂದ ಬರೋ ನೀರು. ಸಟ್ಲೆಜ್, ಬಿಯಾಸ್ ಎರಡೂ ಸೇರುವ ಹರಿಕೆ ಅನ್ನೋ ಜಾಗದಿಂದ ಇಂದಿರಾ ಗಾಂಧಿ ಕಾಲುವೆ ಹೊರಡುತ್ತದೆ. ಅದರಿಂದ ಇನ್ನೊಂದು ಕಾಲುವೆಯಲ್ಲಿ ನೀರನ್ನು ಪಂಪ್ ಮಾಡಿ ಎತ್ತಿ ಎತ್ತಿ ಜೋಧಪುರಕ್ಕೆ ತರುತ್ತಾರೆ. ನಮ್ಮ ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನಲ್ಲಿ, ಗೊರೂರಿನಲ್ಲಿ ನಿಲ್ಲೋದು ನಿಮ್ಮ ಮನೆ ಬಾಗಿಲಲ್ಲಿ. ಹೊಳೆ ಪಕ್ಕದಲ್ಲೇ ಬೆಳೆದವರಿಗೆ ಇದು ಅರ್ಥವಾಗೋಕೆ ಸಮಯ ಬೇಕು. ಅರಸೀಕೆರೆ ಕಡೆಯವರಾದರೆ ಅರ್ಧ ಅಭ್ಯಾಸ ಆಗಿರುತ್ತೆ ಬಿಡಿ.

ಬೇಸಿಗೆ ಶುರುವಾಗೋ ಹೊತ್ತಿಗೆ ರಿಪೇರಿಗೆ ಅಂತ ಕಾಲುವೆ ನಿಲ್ಲಿಸುತ್ತಾರೆ. 'ನೆಹರ್ ಬಂದಿ' ಅನ್ನುತ್ತಾರೆ. ಆಗ ನಲ್ಲಿ ನೀರು ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರುತ್ತಿತ್ತು. ಸಂಪು ಚಿಕ್ಕದಿದ್ದವರು ಟ್ಯಾಂಕರ್ ಹಿಂದೆ ಓಡಬೇಕು. ಬೋರ್ ನೀರು ಸೇರಿಸಿ ಕೊಟ್ಟರಂತೂ ಮುಗಿಯಿತು. ತೊಗರಿಬೇಳೆ ಬೇಯಲ್ಲ. ಮೂರು ಕೂಗಿಗೆ ಆಗೋದು ಏಳು ಕೂಗು ಹಾಕಿಸಿದರೂ ಕಾಳು ಕಾಳು. ಡಿಕಾಕ್ಷನ್‌ಗೆ ಊರಿಂದ ತರಿಸಿದ ಪುಡಿ ಹಾಕಿದರೂ ಸಪ್ಪೆ. ಬಾಬಾ ಬುಡನ್ ಕಾಫಿ ಬೀಜ ತಂದಿದ್ದು ಯೆಮನ್‌ನಂಥ ಒಣ ನಾಡಿನಿಂದ ಅಂತಾರೆ. ಅಲ್ಲಿಂದ ಬಂದ ಕಾಫಿ ನಮ್ಮ ಗಿರಿಗೆ ಒಗ್ಗಿತು, ಜೋಧಪುರದ ಬೋರ್ ನೀರಿಗೆ ಮಾತ್ರ ಒಗ್ಗಲಿಲ್ಲ! ಶುದ್ಧೀಕರಿಸುವ ಯಂತ್ರ ಹಾಕಿಸಿದ ಮೇಲೆ ಬೇಳೆಯೂ ಬೆಂತು, ಕಾಫಿಯೂ ಕುದುರಿತು. ಮೊದಲ ತಿಂಗಳೇ ಹಾಕಿಸಿ.

ಒಂದು ವಿಚಿತ್ರ ಇದೆ. ಕಾಲುವೆ ನೀರು ಬಂದ ಮೇಲೆ ಹಳೇ ಬಾವಿಗಳನ್ನು ಬಳಸೋದು ಬಿಟ್ಟರು. ಈಗ ಹಳೇ ಊರಿನ ಕೆಲವು ನೆಲಮಾಳಿಗೆಗಳಲ್ಲಿ ಅಂತರ್ಜಲ ಒಸರಿ, ಪಂಪ್ ಇಟ್ಟು ಹೊರಗೆ ಹಾಕುತ್ತಾರೆ. ಮೇಲೆ ನಲ್ಲಿಗೆ ಕಾಯೋದು, ಕೆಳಗೆ ನೀರು ಖಾಲಿ ಮಾಡೋದು. ಪಕ್ಕದ ಮನೆಯವರು ತೋರಿಸುವವರೆಗೂ ನಾನು ನಂಬಿರಲಿಲ್ಲ.

ಒಳ್ಳೇದು ಹೇಳದೆ ಇದ್ದರೆ ತಪ್ಪಾಗುತ್ತೆ. ಆ ಒಣಹವೆ ನಮ್ಮಂಥ ಮಳೆ ಸೀಮೆಯವರಿಗೆ ಹಬ್ಬ. ಆರಿದ್ರಾ ಹಿಡಿದರೆ ನಮ್ಮ ಕಡೆ ಏನಾಗುತ್ತೆ ಗೊತ್ತಲ್ಲ. ಬಟ್ಟೆ ವಾರ ಆದರೂ ಒಣಗಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು, ಚಪ್ಪಲಿ ಮೇಲೆ ಬೂಷ್ಟು. ಅಲ್ಲಿ ಒಗೆದ ಸೀರೆಯ ಎರಡನೇ ತುದಿ ಹರವೋ ಹೊತ್ತಿಗೆ ಮೊದಲನೇ ತುದಿ ಒಣಗಿರುತ್ತಿತ್ತು. ಕರಿದ ಹಪ್ಪಳ ರಾತ್ರಿಯವರೆಗೂ ಗರಿಗರಿ. ನಮ್ಮತ್ತೆಗೆ ಹುಚ್ಚೇ ಹಿಡಿಯಿತು. ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬಾಳಕ. ಬೆಳಗ್ಗೆ ಎಂಟಕ್ಕೆ ತಾರಸಿ ಮೇಲೆ ಹಳೇ ಪಂಚೆ ಹಾಸಿ ಇಟ್ಟರೆ ಸಂಜೆಗೆ ಡಬ್ಬಿಗೆ. ಹತ್ತಿರದ ಮಥಾನಿಯಾದ ಕೆಂಪು ಮೆಣಸಿನಕಾಯಿ ತಂದು, ಬ್ಯಾಡಗಿ ಜೊತೆ ಮುರಿದು ನೋಡಿ, "ಬಣ್ಣ ಪರವಾಗಿಲ್ಲ ಕಣೇ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಅವರ ಮಂಡಿನೋವು ಅಲ್ಲಿ ಕಡಿಮೆ ಇತ್ತು. ಡಾಕ್ಟರು ಒಪ್ಪುತ್ತಾರೋ ಇಲ್ಲವೋ, ಅವರಂತೂ ಹಾಗೆ ಹೇಳುತ್ತಾರೆ. ಅದೇ ಅತ್ತೆಗೆ ಮೊದಲ ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂದು ನಾವೆಲ್ಲ ಗಾಬರಿ. ಗಾಳಿ ಅಷ್ಟು ಒಣ. ರಾತ್ರಿ ಮೂಗಿನೊಳಗೆ ಎರಡು ಹನಿ ಕೊಬ್ಬರಿಎಣ್ಣೆ ಸವರಿಕೊಳ್ಳೋದು ಅಭ್ಯಾಸವಾಯಿತು. ದೊಡ್ಡ ಕಾಯಿಲೆಗೆ ಅಲ್ಲೇ ಏಮ್ಸ್ ಇದೆ, ಆ ಚಿಂತೆ ಬೇಡ.

ಧೂಳು ಮಾತ್ರ ಕೊನೆವರೆಗೂ ಒಗ್ಗಲಿಲ್ಲ. ಮೇ, ಜೂನ್‌ನಲ್ಲಿ 'ಆಂಧಿ' ಬರುತ್ತದೆ. ಆಕಾಶ ಅರಿಶಿನ ಕಲಸಿದ ಹಾಗಾಗಿ, ಹತ್ತು ನಿಮಿಷದಲ್ಲಿ ಎದುರು ಮನೆ ಕಾಣಲ್ಲ. ಕಿಟಕಿ ಎಷ್ಟೇ ಮುಚ್ಚಿ, ಒಂದರ ಮೇಲೊಂದು ಪೇರಿಸಿಟ್ಟ ಸ್ಟೀಲ್ ತಟ್ಟೆಗಳ ನಡುವೆಯೂ ನುಣ್ಣನೆ ಧೂಳು. ನಿಮ್ಮಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಇದನ್ನು ಯೋಚಿಸಿಯೇ ಹೋಗಿ.

ಊಟ ಬೇಗ ಹೇಳಿ ಮುಗಿಸುತ್ತೇನೆ. ಅಕ್ಕಿ, ತರಕಾರಿ ಎಲ್ಲ ಸಿಗುತ್ತೆ. ತೆಂಗಿನಕಾಯಿ ದುಬಾರಿ. ನಮ್ಮ ಥರದ ಸೊಪ್ಪು, ಕಳಲೆ, ಹೊಳೆಮೀನು ಮರೆತುಬಿಡಿ. ಮಿರ್ಚಿ ವಡಾ ಚೆನ್ನಾಗಿರುತ್ತೆ. ಕೇರ್ ಸಾಂಗ್ರಿ ಅಂತ ಒಂದು ಪಲ್ಯ ಮಾಡುತ್ತಾರೆ. ಅದರಲ್ಲಿರೋ ಸಾಂಗ್ರಿ ಖೇಜ್ರಿ ಮರದ ಒಣಕಾಯಿ. ಒಂದು ವರ್ಷ ತಿಂದ ಮೇಲೆ ಗೊತ್ತಾಯಿತು, ಖೇಜ್ರಿ ಅಂದರೆ ನಮ್ಮ ಬನ್ನಿ ಮರ! ವಿಜಯದಶಮಿಗೆ ನಾವು ಸುತ್ತು ಬರೋ ಮರದ ಕಾಯಿ ಅವರಿಗೆ ಪಲ್ಯ. ಜೋಧಪುರದ ಹತ್ತಿರ ಖೇಜಡ್ಲಿ ಅನ್ನೋ ಹಳ್ಳಿ ಇದೆ. 1730ರಲ್ಲಿ ರಾಜನ ಕಡೆಯವರು ಈ ಮರ ಕಡಿಯೋಕೆ ಬಂದಾಗ ಅಮೃತಾ ದೇವಿ ಅನ್ನೋ ಹೆಂಗಸು ಮರ ತಬ್ಬಿ ನಿಂತರು. ಅವರ ಹಿಂದೆ, ಮರ ಪ್ರಾಣಿ ಕಾಯೋದೇ ಧರ್ಮ ಅನ್ನೋ ಬಿಷ್ಣೋಯಿ ಜನ ಒಬ್ಬೊಬ್ಬರಾಗಿ ನಿಂತು, ಒಟ್ಟು 363 ಜನ ಸತ್ತರು. ಅಲ್ಲಿಗೆ ಹೋಗಿದ್ದ ದಿನ ಅತ್ತೆ ಒಂದು ಮರದ ಬುಡಕ್ಕೆ ಬಾಟಲಿಯಲ್ಲಿದ್ದ ನೀರಷ್ಟೂ ಸುರಿದುಬಿಟ್ಟರು. ವಾಪಸ್ ಬರುವಾಗ ನಮಗೆ ಕುಡಿಯೋಕೆ ಇರಲಿಲ್ಲ.

ಮಳೆ ಬಗ್ಗೆ ಹೇಳದಿದ್ದರೆ ಆಗಲ್ಲ. ಅಲ್ಲಿ ವರ್ಷಕ್ಕೆ ಬೀಳೋದು ಹೆಚ್ಚುಕಡಿಮೆ 36 ಸೆಂಟಿಮೀಟರ್. ಮೂಡಿಗೆರೆ ಕಡೆ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ ಸುರಿಯೋದುಂಟು. ಮೊದಲ ಮಳೆಗೆ ಇಡೀ ಬೀದಿ ತಾರಸಿ ಮೇಲೆ ನಿಂತು ನೆನೆಯುತ್ತದೆ. ಜೋರಾಗಿ ಬಂದರೆ ಹಳೇ ಊರಿನ ಇಳಿಜಾರು ಗಲ್ಲಿಗಳಲ್ಲಿ ಬೈಕುಗಳೇ ತೇಲಿ ಹೋಗುತ್ತವೆ. ಆದರೆ ಹಂಚಿನ ಮೇಲೆ ರಾತ್ರಿಯಿಡೀ ಹೊಯ್ಯೋ ಸದ್ದು ಇದೆಯಲ್ಲ, ಅದಿಲ್ಲದೆ ಮೊದಲ ವರ್ಷ ನನಗೆ ನಿದ್ದೆಯೇ ಸರಿ ಬರುತ್ತಿರಲಿಲ್ಲ. 2019ರ ಜುಲೈನಲ್ಲಿ ವಾಪಸ್ ಬಂದೆವು. ಮುಂದಿನ ತಿಂಗಳೇ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿಯಿತು. ಆ ಸದ್ದನ್ನು ಈಗ ಮುಂಚಿನಷ್ಟು ನೆಮ್ಮದಿಯಾಗಿ ಕೇಳೋಕೆ ಆಗಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಕೆಲಸ ಒಪ್ಪಿಕೊಳ್ಳಿ. ಸೇರೋ ತಾರೀಕು ಮಾರ್ಚ್, ಏಪ್ರಿಲ್ ಇದ್ದರೆ ಮೊದಲು ಒಬ್ಬರೇ ಹೋಗಿ, ಬೇಸಿಗೆ ನೋಡಿ, ಮನೆ ಹುಡುಕಿ. ಅಮ್ಮನನ್ನು, ಮಗನನ್ನು ದೀಪಾವಳಿ ಕಳೆದ ಮೇಲೆ ಕರೆಸಿಕೊಳ್ಳಿ. ನಾಲ್ಕು ತಿಂಗಳು ಹಿತವಾದ ಚಳಿ ಇರುತ್ತೆ, ಅಷ್ಟರಲ್ಲಿ ಊರು ಪರಿಚಯವಾಗುತ್ತೆ. ಕಂಬಳಿ ಬೇಕಾ ಅಂತ ಕೇಳಿದ್ದೀರಿ. ಬೇಕು, ಜನವರಿ ಬೆಳಗ್ಗೆ ನಿಮ್ಮ ಹಾಸನಕ್ಕಿಂತ ಜಾಸ್ತಿ ಚಳಿ. ಛತ್ರಿಯೂ ತಗೊಂಡು ಹೋಗಿ, ಬಿಸಿಲಿಗೆ ಆಗುತ್ತೆ.